ರಿಪೋರ್ಟ್ ನೋಡಿ ಊಟ ಬದಲಿಸುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

1934ರಲ್ಲಿ ನಾರ್ವೆಯ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ಒಬ್ಬ ವೈದ್ಯರಿಂದ ಇನ್ನೊಬ್ಬರ ಹತ್ತಿರ ಅಲೆಯುತ್ತಿದ್ದಳು. ಹುಟ್ಟಿದಾಗ ಚೆನ್ನಾಗಿಯೇ ಇದ್ದ ಮಕ್ಕಳು. ದಿನ ಕಳೆದ ಹಾಗೆ ಅವರ ಬುದ್ಧಿಯ ಬೆಳವಣಿಗೆ ಕುಂಠಿತವಾಯಿತು. ಇಬ್ಬರ ಮೂತ್ರಕ್ಕೂ ಒಂದು ಥರ ಮುಗ್ಗಲು ವಾಸನೆ. ಇದು ಯಾಕೆ ಹೀಗೆ ಅಂತ ಆ ತಾಯಿ ಕೇಳುತ್ತಲೇ ಇದ್ದಳು. ಕೊನೆಗೆ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಅವಳ ಮಾತನ್ನು ಕಿವಿಗೆ ಹಾಕಿಕೊಂಡರು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹನಿ ಹಾಕಿದರು. ದ್ರವ ಕಡು ಹಸಿರಾಯಿತು. ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ.

ಆ ಹಸಿರು ಬಣ್ಣದ ಜಾಡು ಹಿಡಿದು ಹೋದಾಗ ಕಾರಣ ಸಿಕ್ಕಿತು. ಪ್ರೋಟೀನಿನಲ್ಲಿ ಫೀನೈಲ್‌ಅಲನಿನ್ ಎಂಬ ಒಂದು ಅಂಶ ಇರುತ್ತದೆ. ಆ ಮಕ್ಕಳ ದೇಹಕ್ಕೆ ಅದನ್ನು ಪರಿವರ್ತಿಸಲು ಆಗುತ್ತಿರಲಿಲ್ಲ. ಅದು ರಕ್ತದಲ್ಲಿ ಸೇರಿ ಸೇರಿ ಮಿದುಳಿಗೆ ಪೆಟ್ಟು ಕೊಡುತ್ತಿತ್ತು. ಈಗ ಈ ಕಾಯಿಲೆಯನ್ನು ಪಿಕೆಯು ಅನ್ನುತ್ತಾರೆ. ಆ ಇಬ್ಬರು ಮಕ್ಕಳಿಗೆ ಉತ್ತರ ಸಿಗುವಾಗ ತಡವಾಗಿತ್ತು.

1953ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾರ್ಸ್ಟ್ ಬಿಕೆಲ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ಇದೇ ಕಾಯಿಲೆಯ ಒಂದು ಪುಟ್ಟ ಹುಡುಗಿಗೆ ಫೀನೈಲ್‌ಅಲನಿನ್ ಬಹಳ ಕಡಿಮೆ ಇರುವ ಆಹಾರ ಕೊಟ್ಟ ವರದಿ ಪ್ರಕಟಿಸಿದರು. ಕೆಲವು ತಿಂಗಳಲ್ಲಿ ಮಗು ಅಂಬೆಗಾಲಿಡಲು, ನಿಲ್ಲಲು ಕಲಿಯಿತು. ಇದು ನಿಜವಾಗಿ ಆಹಾರದಿಂದಲೇ ಆದದ್ದಾ ಅಂತ ವೈದ್ಯರಿಗೆ ಅನುಮಾನ. ಅವರು ತಾಯಿಗೂ ಹೇಳದೆ ಮಗುವಿನ ಆಹಾರಕ್ಕೆ ಆ ಅಂಶವನ್ನು ಮತ್ತೆ ಸೇರಿಸಿದರು. ಒಂದೇ ದಿನದಲ್ಲಿ ಮಗುವಿನ ಸ್ಥಿತಿ ಕುಸಿಯಿತು. ತಾಯಿಗೆ ಹೇಳದೆ ಹಾಗೆ ಮಾಡಿದ್ದು ತಪ್ಪು. ಇವತ್ತು ಅದನ್ನು ಯಾರೂ ಒಪ್ಪುವುದಿಲ್ಲ. ಆದರೆ ತೆಗೆದು ನೋಡು, ಮತ್ತೆ ಕೊಟ್ಟು ನೋಡು ಎಂಬ ಆ ಕ್ರಮ ಮಾತ್ರ ಇಂದಿಗೂ ಗಟ್ಟಿಯಾಗಿ ನಿಂತಿದೆ. 1960ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಗಥ್ರಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷೆ ಮಾಡುವ ದಾರಿ ತೋರಿಸಿದರು. ಮೊದಲ ವಾರಗಳಲ್ಲೇ ಆಹಾರ ಬದಲಿಸಿ, ಅದನ್ನು ಬಿಡದೆ ಪಾಲಿಸಿದರೆ ಅಂಥ ಮಗು ಉಳಿದ ಮಕ್ಕಳ ಹಾಗೆಯೇ ಬೆಳೆಯುತ್ತದೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಪರೀಕ್ಷೆ ಮಾಡಿಸಿ, ಅದರ ಪ್ರಕಾರ ಒಬ್ಬೊಬ್ಬರಿಗೂ ಅವರವರ ದೇಹಕ್ಕೆ ತಕ್ಕ ಆಹಾರ ಹೇಳುತ್ತೇವೆ ಅನ್ನುವವರು ಈಗ ಎಲ್ಲೆಲ್ಲೂ ಇದ್ದಾರೆ. ಫಂಕ್ಷನಲ್ ಟೆಸ್ಟಿಂಗ್ ಅನ್ನುತ್ತಾರೆ, ಪರ್ಸನಲೈಸ್ಡ್ ನ್ಯೂಟ್ರಿಷನ್ ಅನ್ನುತ್ತಾರೆ. ಈ ಆಸೆ ಸುಳ್ಳಲ್ಲ. ಹಿಮ್ಮಡಿಯ ಆ ಒಂದು ಹನಿ ರಕ್ತವೇ ಅದಕ್ಕೆ ಸಾಕ್ಷಿ. ಆದರೆ ಅಲ್ಲಿ ಒಂದು ಪ್ರಶ್ನೆ ಇತ್ತು. ಉತ್ತರ ಹೌದು ಅಂತ ಬಂದರೆ ಒಂದು ಊಟ, ಇಲ್ಲ ಅಂತ ಬಂದರೆ ಇನ್ನೊಂದು ಊಟ. ಯಾವ ಉತ್ತರ ಬಂದರೂ ನಾವು ಮಾಡುವುದು ಒಂದೇ ಆದರೆ, ಆ ಪರೀಕ್ಷೆಗೆ ರಕ್ತ ಕೊಡುವುದೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಈಗ ಒಂದು ಸಾಮಾನ್ಯ ದೂರನ್ನೇ ತೆಗೆದುಕೊಳ್ಳೋಣ. ಸುಸ್ತು. ಬೆಳಿಗ್ಗೆ ಎದ್ದಾಗಲೇ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುತ್ತದೆ. ಹಿಮೋಗ್ಲೋಬಿನ್ ನೋಡಿಸುತ್ತಾರೆ. ನಾರ್ಮಲ್. ಏನೂ ಇಲ್ಲ ಹೋಗಿ ಅಂತ ಕಳಿಸುತ್ತಾರೆ. ಆದರೆ ದೇಹದಲ್ಲಿ ಕಬ್ಬಿಣ ಕಡಿಮೆಯಾಗುವಾಗ ಮೊದಲು ಖಾಲಿಯಾಗುವುದು ಉಗ್ರಾಣ. ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಉಗ್ರಾಣದಲ್ಲಿ ಎಷ್ಟು ಉಳಿದಿದೆ ಅಂತ ಹೇಳುವುದು ಫೆರಿಟಿನ್ ಎಂಬ ಪರೀಕ್ಷೆ. ಆರೋಗ್ಯವಂತ ವಯಸ್ಕರಲ್ಲಿ ಅದು ಲೀಟರಿಗೆ 15 ಮೈಕ್ರೋಗ್ರಾಮ್‌ಗಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಷ್ಟೋ ವೈದ್ಯರು 30ಕ್ಕಿಂತ ಕೆಳಗೆ ಹೋದಾಗಲೇ ಎಚ್ಚರಿಕೆ ವಹಿಸುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ದೇಹದಲ್ಲಿ ಸೋಂಕೋ ಉರಿಯೂತವೋ ಇದ್ದರೆ ಫೆರಿಟಿನ್ ತಾನಾಗಿಯೇ ಏರುತ್ತದೆ. ಉಗ್ರಾಣ ಬರಿದಾಗಿದ್ದರೂ ರಿಪೋರ್ಟಿನಲ್ಲಿ ಸಂಖ್ಯೆ ಚೆನ್ನಾಗಿ ಕಾಣಬಹುದು. ಅದಕ್ಕೇ ಅಂಥ ಸಮಯದಲ್ಲಿ 70ರ ಕೆಳಗೆ ಇದ್ದರೂ ಕೊರತೆ ಇರಬಹುದು ಅಂತ ಅದೇ ಸಂಸ್ಥೆ ಎಚ್ಚರಿಸುತ್ತದೆ. ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿದರೆ ಫೆರಿಟಿನ್ ಅರ್ಥ ಆಗುತ್ತದೆ. ಒಂಟಿ ಸಂಖ್ಯೆ ದಾರಿ ತಪ್ಪಿಸಬಹುದು.

ಸರಿ, ಕೊರತೆ ಇದೆ ಅಂತಾಯಿತು. ಈಗ ಊಟ ಬದಲಿಸಬೇಕಲ್ವಾ? ಬದಲಿಸಬೇಕು. ಕಬ್ಬಿಣ ಇರುವ ಸೊಪ್ಪು, ಕಾಳುಗಳ ಜೊತೆ ಸಿ ಜೀವಸತ್ವ ಇರುವ ಹಣ್ಣೋ ನಿಂಬೆಯೋ ಸೇರಿಸಬೇಕು. ಊಟದ ಜೊತೆಗೇ ಕುಡಿಯುವ ಟೀ, ಕಾಫಿಯನ್ನು ದೂರ ಇಡಬೇಕು, ಯಾಕೆಂದರೆ ಅವು ಕಬ್ಬಿಣ ಹೀರುವುದಕ್ಕೆ ಅಡ್ಡ ಬರುತ್ತವೆ. ವೈದ್ಯರು ಹೇಳಿದರೆ ಮಾತ್ರೆಯನ್ನೂ ತೆಗೆದುಕೊಳ್ಳಬೇಕು. ಆದರೆ ಅದಕ್ಕೂ ಮೊದಲು ಕಬ್ಬಿಣ ಎಲ್ಲಿ ಸೋರಿ ಹೋಗುತ್ತಿದೆ ಅಂತ ಕೇಳಬೇಕು. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿದೆಯಾ? ಸಣ್ಣ ಕರುಳು ಹೀರುತ್ತಲೇ ಇಲ್ಲವಾ? ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕಡಿಮೆಯಾದರೆ ಹೊಟ್ಟೆಯಲ್ಲೋ ಕರುಳಿನಲ್ಲೋ ರಕ್ತ ಸೋರುತ್ತಿದೆಯೇ ಅಂತ ನೋಡಲೇಬೇಕು. ಅಲ್ಲಿ ಬರೀ ಆಹಾರದ ಪಟ್ಟಿ ಕೈಗಿಟ್ಟು ಕಳಿಸುವುದು ಅಪಾಯ. ಈ ಮಾತನ್ನು ದಯವಿಟ್ಟು ಮರೆಯಬೇಡಿ.

ಕಬ್ಬಿಣದ ಕಥೆ ಸಕ್ಕರೆಯ ಪರೀಕ್ಷೆಗೂ ಅಂಟಿಕೊಂಡಿದೆ. ಎಚ್‌ಬಿಎ1ಸಿ ಅನ್ನುವ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಆ ದಿನಗಳಲ್ಲಿ ಅದಕ್ಕೆ ಎಷ್ಟು ಸಕ್ಕರೆ ಅಂಟಿತು ಅನ್ನುವುದೇ ಲೆಕ್ಕ. 5.7ರಿಂದ 6.4 ಶೇಕಡಾ ಇದ್ದರೆ ಮಧುಮೇಹದ ಅಂಚು, 6.5 ಮುಟ್ಟಿದರೆ ಮಧುಮೇಹ. ಆದರೆ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಬಂದಿದ್ದರೆ ಸಕ್ಕರೆ ಅಷ್ಟಿಲ್ಲದಿದ್ದರೂ ಈ ಸಂಖ್ಯೆ ಮೇಲೆ ಹೋಗಬಹುದು. ಇತ್ತೀಚೆಗೆ ರಕ್ತ ಕಳೆದುಕೊಂಡವರಲ್ಲಿ ಕೆಳಗೆ ಬರಬಹುದು. ಅಂದರೆ ಸುಸ್ತಾಗಿರುವ ಒಬ್ಬ ಹೆಣ್ಣುಮಗಳು 5.8 ನೋಡಿ ಗಾಬರಿಯಿಂದ ಅರ್ಧ ಊಟ ಬಿಟ್ಟರೆ, ಅವಳಿಗೆ ಬೇಕಾದ ಕಬ್ಬಿಣವೂ ಆ ಬಿಟ್ಟ ಅರ್ಧದಲ್ಲೇ ಹೋಗಿರಬಹುದು.

ಬಿ12 ಇನ್ನೊಂದು ಒಳ್ಳೆಯ ಪರೀಕ್ಷೆ. ಪ್ರಾಣಿಮೂಲದ ಆಹಾರವನ್ನು ಪೂರ್ತಿ ಬಿಟ್ಟವರು, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರು ಇದನ್ನು ನೋಡಿಸಿಕೊಳ್ಳುವುದಕ್ಕೆ ಅರ್ಥವಿದೆ. ಡಿ ಜೀವಸತ್ವದ ಮಾತು ಬೇರೆ. ಯಾವ ತೊಂದರೆಯೂ ಇಲ್ಲದ ವಯಸ್ಕರು ಅದನ್ನು ಸುಮ್ನೆ ಅಳೆಸುವ ಅಗತ್ಯ ಇಲ್ಲ ಅಂತ ಅಮೆರಿಕದ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಸಲಹೆ ಕೊಟ್ಟಿದೆ.

ಈಗ ದೊಡ್ಡ ಪ್ಯಾಕೇಜುಗಳ ವಿಷಯಕ್ಕೆ ಬರೋಣ. ಒಂದೇ ಸಲ ಅರವತ್ತು, ಎಂಬತ್ತು, ನೂರು ಪರೀಕ್ಷೆ. ಜಾಸ್ತಿ ನೋಡಿದಷ್ಟೂ ಒಳ್ಳೆಯದು ಅಂತ ಅನ್ನಿಸುತ್ತದೆ. ನಾರ್ಮಲ್ ಅನ್ನುವ ಗೆರೆ ಹೇಗೆ ಎಳೆಯುತ್ತಾರೆ ಗೊತ್ತಾ? ಬಹಳಷ್ಟು ಪರೀಕ್ಷೆಗಳಲ್ಲಿ ಆರೋಗ್ಯವಾಗಿರುವವರ ರಕ್ತ ತೆಗೆದು, ನಡುವಿನ ಶೇಕಡಾ 95 ಜನರ ಅಂಕಿಯನ್ನು ಗೆರೆಯ ಒಳಗೆ ಇಡುತ್ತಾರೆ. ಉಳಿದ ಶೇಕಡಾ 5 ಜನ ಗಟ್ಟಿಮುಟ್ಟಾಗಿದ್ದರೂ ಗೆರೆಯ ಹೊರಗೆ. ಹಾಗಾಗಿ ಒಂದಕ್ಕೊಂದು ಸಂಬಂಧ ಇಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಿಗೂ ಕನಿಷ್ಠ ಒಂದಾದರೂ ಕೆಂಪು ಅಕ್ಷರದಲ್ಲಿ ಬರುವ ಸಾಧ್ಯತೆ ಶೇಕಡಾ 64. ಅದರ ಮೇಲೆ ಕೆಲವರು ನಾರ್ಮಲ್ ಸಾಲದು, ಆಪ್ಟಿಮಲ್ ಇರಬೇಕು ಅಂತ ಗೆರೆಯನ್ನು ಇನ್ನೂ ಕಿರಿದು ಮಾಡುತ್ತಾರೆ. ಆಗ ಎಲ್ಲರೂ ರೋಗಿಗಳೇ. ಪ್ರತಿ ಕೆಂಪು ಅಕ್ಷರಕ್ಕೂ ಒಂದು ಡಬ್ಬಿ ಮಾತ್ರೆ ಕೊಳ್ಳುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಹಾಗಂತ ಈ ದಾರಿಯಲ್ಲಿ ಒಳ್ಳೆಯದೇನೂ ಇಲ್ಲ ಅಂತಲ್ಲ. ಅಮೆರಿಕದಲ್ಲಿ 1991ರಲ್ಲಿ ಜೆಫ್ರಿ ಬ್ಲ್ಯಾಂಡ್ ಮತ್ತು ಸೂಸನ್ ಬ್ಲ್ಯಾಂಡ್ ಇನ್ಸ್ಟಿಟ್ಯೂಟ್ ಫಾರ್ ಫಂಕ್ಷನಲ್ ಮೆಡಿಸಿನ್ ಶುರು ಮಾಡಿದರು. ಕಾಯಿಲೆಯ ಮೂಲ ಕಾರಣ ಹುಡುಕುತ್ತೇವೆ ಅನ್ನುವ ಆ ಪದ್ಧತಿಯವರು ನಿದ್ದೆ, ಊಟ, ಒತ್ತಡ, ಹಿಂದಿನ ಕಾಯಿಲೆ ಎಲ್ಲವನ್ನೂ ಕೂರಿಸಿಕೊಂಡು ಕೇಳುತ್ತಾರೆ. ಆ ತಾಳ್ಮೆಗೆ ನನ್ನ ಪೂರ್ತಿ ಗೌರವ ಇದೆ. ತಕರಾರು ಇರುವುದು ಆಮೇಲೆ ಬರೆದುಕೊಡುವ ಕೆಲವು ಪರೀಕ್ಷೆಗಳ ಬಗ್ಗೆ.

ಮುಖ್ಯವಾಗಿ ಐಜಿಜಿ ಆಹಾರ ಪರೀಕ್ಷೆ. ಐಜಿಜಿ ಅಂದರೆ ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ, ಹೊರಗಿನ ವಸ್ತುವನ್ನು ಗುರುತಿಸಲು ದೇಹ ತಯಾರಿಸುವ ಪ್ರೋಟೀನ್. ರಕ್ತ ಕೊಟ್ಟರೆ, ಇಷ್ಟೊಂದು ಆಹಾರ ನಿಮಗೆ ಒಗ್ಗುವುದಿಲ್ಲ ಅಂತ ಬಣ್ಣ ಬಣ್ಣದ ಪಟ್ಟಿ ಬರುತ್ತದೆ. ವಾಸ್ತವದಲ್ಲಿ ನಾವು ತಿನ್ನುವ ಆಹಾರಕ್ಕೆ ದೇಹ ಐಜಿಜಿ ತಯಾರಿಸುವುದು ಸಹಜ. ಆ ಆಹಾರ ದೇಹಕ್ಕೆ ಪರಿಚಯ ಇದೆ ಅನ್ನುವುದಷ್ಟೇ ಅದರಿಂದ ಗೊತ್ತಾಗುತ್ತದೆ. ಹಾಗಾಗಿ ಪಟ್ಟಿಯಲ್ಲಿ ಬರುವುದು ಹೆಚ್ಚಾಗಿ ದಿನಾ ತಿನ್ನುವ ಪದಾರ್ಥಗಳೇ. ಅಲರ್ಜಿ ತಜ್ಞರ ಕೆನಡಾದ ಸಂಘ 2012ರಲ್ಲಿ ಈ ಪರೀಕ್ಷೆ ಬೇಡ ಅಂತ ಸ್ಪಷ್ಟವಾಗಿ ಹೇಳಿದೆ. ಯುರೋಪಿನ ಸಂಘ ಅದಕ್ಕೂ ಮೊದಲೇ ಹೇಳಿತ್ತು. ಪಟ್ಟಿ ನಂಬಿ ಬೆಳೆಯುವ ಮಕ್ಕಳಿಗೆ ಹಾಲು, ಮೊಟ್ಟೆ, ಗೋಧಿ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿದರೆ ಮಗು ಸೊರಗಬಹುದು. ಕೂದಲಿನ ಖನಿಜ ಪರೀಕ್ಷೆಯೂ ಹೀಗೇ. ಒಬ್ಬರದೇ ಕೂದಲನ್ನು ಆರು ಲ್ಯಾಬ್‌ಗಳಿಗೆ ಕಳಿಸಿ ನೋಡಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಲ್ಯಾಬ್‌ಗಳ ಉತ್ತರ ಒಂದಕ್ಕೊಂದು ಹೊಂದಲಿಲ್ಲ.

ಹಾಗಾದರೆ ಯಾವುದೋ ಆಹಾರ ತಿಂದರೆ ಹೊಟ್ಟೆ ಉಬ್ಬುತ್ತದೆ ಅನ್ನುವವರು ಏನು ಮಾಡಬೇಕು? ಬರ್ಮಿಂಗ್‌ಹ್ಯಾಮ್‌ನ ಅದೇ ಕ್ರಮ, ಆದರೆ ಎಲ್ಲರಿಗೂ ತಿಳಿದೇ. ಅನುಮಾನ ಇರುವ ಆಹಾರವನ್ನು ಕೆಲವು ವಾರ ಬಿಡುವುದು. ದಿನಾ ಏನು ತಿಂದೆವು, ಹೇಗಿದ್ದೆವು ಅಂತ ಬರೆದಿಡುವುದು. ಆಮೇಲೆ ಒಂದೊಂದನ್ನೇ ವಾಪಸ್ ತಂದು ನೋಡುವುದು. ಕೆರಳುವ ಕರುಳಿನ ತೊಂದರೆಗೆ ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದವರು ರೂಪಿಸಿದ ಲೋ ಫಾಡ್‌ಮ್ಯಾಪ್, ಅಂದರೆ ಕರುಳು ಸರಿಯಾಗಿ ಹೀರಿಕೊಳ್ಳದ ಕೆಲವು ಬಗೆಯ ಸಕ್ಕರೆಗಳನ್ನು ಕಡಿಮೆ ಮಾಡುವ ಆಹಾರಕ್ರಮ, ನಡೆಯುವುದು ಹೀಗೆಯೇ. 2ರಿಂದ 6 ವಾರ ಬಿಡುವುದು, ನಂತರ ಒಂದೊಂದಾಗಿ ಸೇರಿಸುವುದು. ಬಹಳ ಜನ ಬಿಡುವುದನ್ನು ಮಾತ್ರ ಮಾಡುತ್ತಾರೆ, ಸೇರಿಸುವ ಹಂತಕ್ಕೆ ಬರುವುದೇ ಇಲ್ಲ. ಉತ್ತರ ಸಿಗುವುದು ಆ ಹಂತದಲ್ಲೇ. ಒಂದು ಎಚ್ಚರಿಕೆ. ತಿಂದ ಕೂಡಲೇ ತುಟಿ ಊದುವುದು, ಉಸಿರು ಕಟ್ಟುವುದು ಆಗುವವರು ಇದನ್ನು ಮನೆಯಲ್ಲಿ ಮಾಡಲೇಬಾರದು. ಅದು ಅಲರ್ಜಿ ತಜ್ಞರ ಕೆಲಸ.

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಬರುವ ಸೀಲಿಯಾಕ್ ಕಾಯಿಲೆಯ ಅನುಮಾನ ಇದ್ದರೆ ಕ್ರಮ ಉಲ್ಟಾ. ಗೋಧಿ ತಿನ್ನುತ್ತಿರುವಾಗಲೇ ರಕ್ತ ಪರೀಕ್ಷೆ ಆಗಬೇಕು. ಮೊದಲೇ ಬಿಟ್ಟುಬಿಟ್ಟರೆ ರಕ್ತದಲ್ಲಿ ಗುರುತು ಅಳಿಸಿಹೋಗಿ, ಇಲ್ಲ ಅನ್ನುವ ತಪ್ಪು ಉತ್ತರ ಬರಬಹುದು.

ಜೀನ್ ನೋಡಿ, ಸಕ್ಕರೆಯ ಏರಿಳಿತ ನೋಡಿ ಊಟ ಹೇಳುವ ಮಾತೂ ಇದೆ. 2015ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 800 ಜನರನ್ನು ಗಮನಿಸಿದರು. ಒಂದೇ ಆಹಾರ ತಿಂದರೂ ಒಬ್ಬರ ಸಕ್ಕರೆ ಜಿಗಿಯಿತು, ಇನ್ನೊಬ್ಬರದು ಅಲುಗಲಿಲ್ಲ. ನಾವೆಲ್ಲ ಬೇರೆ ಬೇರೆ ಅನ್ನುವುದು ಅಲ್ಲಿ ಕಣ್ಣಿಗೆ ಕಂಡಿತು. ಆದರೆ 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ ಇನ್ನೊಂದು ಫಲಿತಾಂಶ ಕೊಟ್ಟಿತು. 609 ಜನರಿಗೆ ಒಂದು ವರ್ಷ, ಕೆಲವರಿಗೆ ಕೊಬ್ಬು ಕಡಿಮೆ, ಕೆಲವರಿಗೆ ಪಿಷ್ಟ ಕಡಿಮೆ. ಎರಡೂ ಗುಂಪಿನವರ ತೂಕ ಸರಾಸರಿಯಲ್ಲಿ ಹೆಚ್ಚುಕಡಿಮೆ ಒಂದೇ ಅಷ್ಟು ಇಳಿಯಿತು. ಗುಂಪಿನ ಒಳಗೆ ಮಾತ್ರ ವ್ಯತ್ಯಾಸ ಬಹಳ. ಯಾರಿಗೆ ಯಾವುದು ಒಗ್ಗುತ್ತದೆ ಅಂತ ಅವರು ನೋಡಿದ ಜೀನ್‌ಗಳಾಗಲಿ ಇನ್ಸುಲಿನ್ ಆಗಲಿ ಮೊದಲೇ ಹೇಳಲಿಲ್ಲ. ವ್ಯತ್ಯಾಸ ಇರುವುದು ನಿಜ, ಆದರೆ ಅದನ್ನು ಮುಂಚೆಯೇ ಹಿಡಿಯುವ ಅಳತೆ ಇನ್ನೂ ಕೈಗೆ ಪೂರ್ತಿ ಸಿಕ್ಕಿಲ್ಲ.

ಕೊನೆಯದಾಗಿ, ರಕ್ತ ಕೊಡುವ ದಿನದ ಎರಡು ಮಾತು. ಕೂದಲು, ಉಗುರು ಚೆನ್ನಾಗಿರಲಿ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮುಂಚೆಯೇ ಹೇಳಿ. ಅದರ ದೊಡ್ಡ ಡೋಸ್ ಕೆಲವು ಥೈರಾಯ್ಡ್ ಪರೀಕ್ಷೆಗಳನ್ನು ಕೆಡಿಸುತ್ತದೆ, ಇಲ್ಲದ ಥೈರಾಯ್ಡ್ ಕಾಯಿಲೆ ಇರುವ ಹಾಗೆ ತೋರಿಸುತ್ತದೆ. ಅಮೆರಿಕದ ಔಷಧ ನಿಯಂತ್ರಕರು 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದ್ದಾರೆ. ಹಿಂದಿನ ದಿನ ಮೈಮುರಿಯುವ ವ್ಯಾಯಾಮವೂ ಬೇಡ. ಸ್ನಾಯುವಿನಿಂದ ಬರುವ ಕಿಣ್ವಗಳು ಲಿವರ್ ತೊಂದರೆಯ ಹಾಗೆ ಕಾಣಿಸಬಹುದು.

ಊಟ ಬದಲಿಸಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸುವುದಕ್ಕೂ ಸಮಯ ಕೊಡಬೇಕು. ಎಚ್‌ಬಿಎ1ಸಿಗೆ ಸುಮಾರು ಮೂರು ತಿಂಗಳು ಬೇಕು. ಕೊಲೆಸ್ಟ್ರಾಲ್‌ಗೆ ಒಂದರಿಂದ ಮೂರು ತಿಂಗಳು ಸಾಕು. ಸಾಧ್ಯವಾದರೆ ಅದೇ ಲ್ಯಾಬ್, ಅದೇ ಹೊತ್ತು. ಸಂಖ್ಯೆ ಚೂರು ಆಚೆ ಈಚೆ ಆದರೆ ಅದನ್ನು ಗೆಲುವು ಅಂತಲೂ ಸೋಲು ಅಂತಲೂ ಎಣಿಸಬೇಡಿ, ಏನೂ ಬದಲಿಸದಿದ್ದರೂ ಅಷ್ಟು ಓಲಾಡುತ್ತದೆ. ಫೆರಿಟಿನ್ ಏರಿದೆ, ಸುಸ್ತೂ ಹೋಗಿದೆ ಅಂದರೆ ಕಬ್ಬಿಣದ ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ವೈದ್ಯರನ್ನು ಕೇಳಿ, ಏಕೆಂದರೆ ಕಬ್ಬಿಣ ಜಾಸ್ತಿಯಾದರೂ ಹಾನಿಯೇ. ಫೆರಿಟಿನ್ ಏರಿಯೂ ಸುಸ್ತು ಹಾಗೇ ಇದ್ದರೆ ಕಾರಣ ಬೇರೆ ಕಡೆ ಇದೆ. ನಿದ್ದೆ, ಥೈರಾಯ್ಡ್, ಮನಸ್ಸಿನ ಬೇಗುದಿ, ಇವುಗಳ ಬಗ್ಗೆ ವೈದ್ಯರ ಜೊತೆ ಮಾತಾಡಿ, ಹೊಸದಾಗಿ ಹುಡುಕಲು ಶುರು ಮಾಡಿ.

ನಮಸ್ಕಾರ.