ಐದೂಕಾಲರ ಬಸ್ಸು ಬರುವುದರೊಳಗೆ

ನಮಸ್ಕಾರ ಎಲ್ಲರಿಗೂ. ಈಗ ಬೆಳಿಗ್ಗೆ ಏಳೂವರೆ. ತಿರುವಿನಲ್ಲಿ ಧೂಳೆಬ್ಬಿಸಿಕೊಂಡು ಬರುತ್ತಿದೆಯಲ್ಲ ಕೆಂಪು ಬಸ್ಸು, ಅದರಲ್ಲಿ ನಮ್ಮ ಖೋ ಖೋ ಟೀಮಿನ ಆರು ಹುಡುಗಿಯರಿದ್ದಾರೆ. ಶಾಲೆ ಶುರುವಾಗುವುದು ಹತ್ತು ಗಂಟೆಗೆ. ಇವರು ಎರಡೂವರೆ ಗಂಟೆ ಮುಂಚೆಯೇ ಬರುತ್ತಾರೆ. ಯಾಕೆ ಅಂತ ಹೇಳುತ್ತೇನೆ, ಇವತ್ತಿನ ವಿಡಿಯೋ ಇರುವುದೇ ಅದರ ಬಗ್ಗೆ.

ನಾನು ಮೈಸೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. 8, 9, 10ನೇ ಕ್ಲಾಸು ಸೇರಿ 140 ಮಕ್ಕಳು, ಸುತ್ತಲಿನ ಏಳು ಹಳ್ಳಿಗಳಿಂದ ಬರುತ್ತಾರೆ. ಮಕ್ಕಳ ಹೆಸರು ಹೇಳುವುದಿಲ್ಲ, ಮುಖ ತೋರಿಸುವುದಿಲ್ಲ. ಅದಕ್ಕೇ ಇಡೀ ವಿಡಿಯೋದಲ್ಲಿ ನಿಮಗೆ ಕೈ, ಕಾಲು, ಬೆನ್ನು, ಜಡೆ ಇಷ್ಟೇ ಜಾಸ್ತಿ ಕಾಣುವುದು. ಹೋಗ್ತಾ ಹೋಗ್ತಾ ಯಾವ ಕಾಲು ಯಾರದು ಅಂತ ನಿಮಗೇ ಗೊತ್ತಾಗುತ್ತದೆ.

ಈ ಸಲ ಶಾಲೆ ಶುರುವಾಗಿದ್ದು 2025ರ ಮೇ 29ಕ್ಕೆ. ದಸರಾ ರಜೆ ಶುರುವಾಗುವವರೆಗೆ, ಅಂದರೆ ಸೆಪ್ಟೆಂಬರ್ 19ರವರೆಗೆ, ಮೊದಲ ಟರ್ಮು. ಈ ನಾಲ್ಕು ತಿಂಗಳಲ್ಲಿ ಮಕ್ಕಳು ಏನೇನು ಮಾಡಿದರು ಅಂತ ಶಾಲೆಯ ವರದಿಯಲ್ಲಿ ಬರೆದರೆ ಹತ್ತು ಸಾಲು ಆಗಬಹುದು. ಹೋಬಳಿ ಮಟ್ಟದಲ್ಲಿ ಪ್ರಥಮ, ತಾಲ್ಲೂಕು ಮಟ್ಟದಲ್ಲಿ ದ್ವಿತೀಯ, ಹೀಗೆ. ಆದರೆ ಆ ಹತ್ತು ಸಾಲಿನಲ್ಲಿ ಬಸ್ಸಿನ ವಿಷಯ ಬರುವುದೇ ಇಲ್ಲ. ನನ್ನ ಪ್ರಕಾರ ನಮ್ಮ ಮಕ್ಕಳ ಸಾಧನೆ ಅರ್ಥ ಆಗಬೇಕಾದರೆ ಮೊದಲು ಬಸ್ಸಿನ ಟೈಮ್ ಗೊತ್ತಿರಬೇಕು.

ಸಂಜೆ ಶಾಲೆ ಬಿಡುವುದು ನಾಲ್ಕು ಇಪ್ಪತ್ತಕ್ಕೆ. ಬಸ್ಸು ಐದೂಕಾಲಿಗೆ. ಅದು ತಪ್ಪಿದರೆ ಮುಂದಿನದು ಏಳೂವರೆಗೆ, ಅಷ್ಟು ಹೊತ್ತಿನಲ್ಲಿ ಹೆಣ್ಣುಮಕ್ಕಳನ್ನು ಒಬ್ಬೊಬ್ಬರೇ ಬರಲು ಮನೆಯವರು ಬಿಡುವುದಿಲ್ಲ. ಅಂದರೆ ಆಟ, ಹಾಡು, ನಾಟಕ, ಪ್ರಾಜೆಕ್ಟು, ಎಲ್ಲದಕ್ಕೂ ಸೇರಿ ಸಿಗುವುದು 55 ನಿಮಿಷ. ಅದು ಸಾಲದು ಅಂದರೆ ಬೆಳಿಗ್ಗೆ ಏಳೂವರೆ ಬಸ್ಸಿಗೆ ಬರಬೇಕು. ಈಗ ನೀವು ನೋಡಿದ್ದು ಅದನ್ನೇ.

ಇದು ಜೂನ್ ತಿಂಗಳ ಕ್ಲಿಪ್ಪು. ಶಾಲಾ ಸಂಸತ್ತಿನ ಚುನಾವಣೆ. ಎರಡು ಮೊಬೈಲಿಗೆ ವೋಟಿಂಗ್ ಆ್ಯಪ್ ಹಾಕಿ ಇವಿಎಂ ಥರ ಮಾಡಿದ್ದೆವು. ಒತ್ತಿದರೆ ಬೀಪ್ ಅನ್ನುತ್ತದೆ. ಬೆರಳಿಗೆ ಮಾರ್ಕರ್ ಪೆನ್ನಿನಲ್ಲಿ ಗುರುತು. ಕ್ಯೂ ನೋಡಿ, 8ನೇ ಕ್ಲಾಸಿನವರು ಎಷ್ಟು ಗಂಭೀರವಾಗಿ ನಿಂತಿದ್ದಾರೆ! ಪ್ರತಿ ವರ್ಷ ಇರುವುದೇ ಇದು, ಆರೋಗ್ಯ ಮಂತ್ರಿ, ಕ್ರೀಡಾ ಮಂತ್ರಿ, ಸ್ವಚ್ಛತಾ ಮಂತ್ರಿ. ಆದರೆ ಈ ಸಲ ಗೆದ್ದು ಪ್ರಧಾನಿಯಾದ 10ನೇ ಕ್ಲಾಸಿನ ಹುಡುಗಿ ಮೊದಲ ಸಭೆಯಲ್ಲೇ ಎದ್ದು ನಿಂತು, "ಮಿಸ್, ನಮಗೆ ಒಬ್ಬರು ಬಸ್ ಮಂತ್ರಿ ಬೇಕು" ಅಂದಳು. ನಾವು ಯಾರೂ ಯೋಚನೆಯೇ ಮಾಡಿರಲಿಲ್ಲ. ಬಸ್ ಮಂತ್ರಿಯ ಕೆಲಸ ಇಷ್ಟೇ, ಐದು ಗಂಟೆ ಐದು ನಿಮಿಷಕ್ಕೆ ಗಂಟೆ ಬಾರಿಸುವುದು, ಮೈದಾನ, ಲ್ಯಾಬು, ಸ್ಟೇಜು ಎಲ್ಲ ಕಡೆ ಓಡಿ ಹೋಗಿ ಯಾರೂ ಉಳಿದಿಲ್ಲ ಅಂತ ನೋಡುವುದು, ಬಸ್ ಹತ್ತುವಾಗ ತಲೆ ಎಣಿಸುವುದು. 9ನೇ ಕ್ಲಾಸಿನ ಒಬ್ಬ ಹುಡುಗ ಆದ. ಹಾಜರಿ ಕಮ್ಮಿ ಇದ್ದ ಹುಡುಗ ಅವನು. ಮಂತ್ರಿಯಾದ ಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ ಅವರು. 10ನೇ ಕ್ಲಾಸಿನ ಕನ್ನಡದಲ್ಲಿ ಪತ್ರಲೇಖನ ಬರುತ್ತದಲ್ವಾ? ಅದನ್ನೇ ನಿಜವಾಗಿ ಬರೆದರು. ಇಂದ, ಗೆ, ಮಾನ್ಯರೇ, ವಿಷಯ, ಎಲ್ಲ ಸರಿಯಾಗಿ ಹಾಕಿ, ಸಂಜೆಯ ಬಸ್ಸನ್ನು ಹದಿನೈದು ನಿಮಿಷ ತಡವಾಗಿ ಬಿಡಿ ಅಂತ ಡಿಪೋಗೆ ಅರ್ಜಿ. ಟೈಮಿಂಗ್ ಇನ್ನೂ ಬದಲಾಗಿಲ್ಲ. ಆದರೆ ಅರ್ಜಿ ಕೊಟ್ಟ ವಿಷಯ ಕಂಡಕ್ಟರಿಗೆ ಗೊತ್ತಾಗಿ, ಮೈದಾನದಿಂದ ಮಕ್ಕಳು ಓಡಿ ಬರುವುದು ಕಂಡರೆ ಈಗ ಅವರು ವಿಸಿಲ್ ಹಾಕದೆ ಕಾಯುತ್ತಾರೆ. ಆ ಎರಡು ನಿಮಿಷಕ್ಕೆ ನಾನು ಎಷ್ಟು ಸಲ ಅವರಿಗೆ ಥ್ಯಾಂಕ್ಸ್ ಹೇಳಿದ್ದೀನೋ ಲೆಕ್ಕವಿಲ್ಲ.

ಈಗ ಖೋ ಖೋ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ.

ನಮ್ಮ ಕಡೆ ಈ ಆಟಕ್ಕೆ ಈಗ ಬೇರೆಯೇ ಮರ್ಯಾದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಫೈನಲ್ಲಿನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಲ್ಲಿ ಸೋಲಿಸಿದರು. ಆ ಟೀಮಿನಲ್ಲಿ ಆಡಿದ ಬಿ. ಚೈತ್ರಾ ಇದೇ ಜಿಲ್ಲೆಯವರು, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಫೈನಲ್ಲಿನ ಉತ್ತಮ ಆಟಗಾರ್ತಿ ಅನ್ನುವ ಬಹುಮಾನವೂ ಅವರಿಗೇ. ನಮ್ಮ ಮಕ್ಕಳಿಗೆ ದೆಹಲಿ ದೂರ, ಆದರೆ ಕುರುಬೂರು ದೂರ ಅಲ್ಲವಲ್ಲ. ಜೂನ್ ಮೊದಲ ವಾರದಲ್ಲೇ 23 ಹುಡುಗಿಯರು ಪಿ.ಟಿ. ಸರ್ ಹತ್ತಿರ ಹೆಸರು ಕೊಟ್ಟರು. ಹೋದ ವರ್ಷ ಟೀಮಿಗೆ ಜನ ಸೇರಿಸುವುದಕ್ಕೇ ಸರ್ ಕ್ಲಾಸು ಕ್ಲಾಸು ಸುತ್ತಿದ್ದರು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಎಂಟು ಜನ ಸಾಲಾಗಿ ಕುಕ್ಕರಗಾಲಲ್ಲಿ ಕೂರುತ್ತಾರೆ, ಒಬ್ಬಳು ಆ ಕಡೆ ಮುಖ, ಪಕ್ಕದವಳು ಈ ಕಡೆ ಮುಖ. ಒಂಬತ್ತನೆಯವಳು ಎದುರು ಟೀಮಿನವರನ್ನು ಅಟ್ಟಿಸಿಕೊಂಡು ಓಡುತ್ತಾಳೆ. ಅವಳು ಒಂದು ದಿಕ್ಕು ಹಿಡಿದರೆ ಸಾಲಿನ ತುದಿಯ ಕಂಬದವರೆಗೆ ತಿರುಗುವಂತಿಲ್ಲ, ಸಾಲಿನ ಮಧ್ಯೆ ನುಸುಳುವಂತೆಯೂ ಇಲ್ಲ. ತಪ್ಪಿಸಿಕೊಳ್ಳುವವರು ಮಾತ್ರ ಎಲ್ಲಿ ಬೇಕಾದರೂ ನುಸುಳಬಹುದು. ಹಾಗಾಗಿ ಓಡುವವಳಿಗಿಂತ ಕೂತವಳೇ ಮುಖ್ಯ. ಹಿಂದಿನಿಂದ ಬೆನ್ನು ಮುಟ್ಟಿ ಖೋ ಅಂದ ತಕ್ಷಣ ಸಿಡಿದು ಏಳಬೇಕು. ಅರ್ಧ ಕ್ಷಣ ಮುಂಚೆ ಎದ್ದರೆ ಫೌಲ್, ಅರ್ಧ ಕ್ಷಣ ತಡವಾದರೆ ಎದುರಿನವಳು ಕೈಗೆ ಸಿಗುವುದಿಲ್ಲ.

ಈ ಕೈ ನೋಡಿ. 9ನೇ ಕ್ಲಾಸಿನ ಹುಡುಗಿ, ಕಂಬ ಹಿಡಿದು ಡೈವ್ ಹೊಡೆಯುವವಳು. ಜೋರಾಗಿ ಓಡಿ ಬಂದು ಒಂದೇ ಕೈಯಲ್ಲಿ ಕಂಬ ಹಿಡಿದು, ಮೈಯನ್ನೆಲ್ಲ ಗಾಳಿಯಲ್ಲಿ ಚಾಚಿ, ಇನ್ನೊಂದು ಕೈಯಲ್ಲಿ ಎದುರಿನವಳ ಹಿಮ್ಮಡಿ ಮುಟ್ಟುತ್ತಾಳೆ. ಅಂಗೈಯಲ್ಲಿ ಹೆಬ್ಬೆರಳ ಬುಡಕ್ಕೆ ನಾಲ್ಕು ಬೊಬ್ಬೆ. ಎರಡು ಒಡೆದು ಒಣಗಿವೆ, ಎರಡು ಹೊಸವು. ಮನೆಯಲ್ಲಿ ಹರಳೆಣ್ಣೆ ಹಚ್ಚಿ ಕಳಿಸುತ್ತಾರೆ. "ನೋವಾಗಲ್ವಾ?" ಅಂತ ಕೇಳಿದೆ. "ಕಂಬ ಹಿಡಿದಾಗ ಆಗಲ್ಲ ಮಿಸ್, ಪೆನ್ನು ಹಿಡಿದಾಗ ಆಗುತ್ತೆ" ಅಂದಳು.

ಜುಲೈ ಪೂರ್ತಿ ಮಳೆ. ಮೈದಾನ ಕೆಸರು. ಬಂದು ಬಟ್ಟೆ ಬದಲಾಯಿಸಿಕೊಂಡು, ಆಡಿ, ಕೈಕಾಲು ತೊಳೆದು, ಮತ್ತೆ ಯೂನಿಫಾರ್ಮ್ ಹಾಕಿ ಕ್ಲಾಸಿಗೆ ಕೂರುತ್ತಿದ್ದರು. ಬೆಳಿಗ್ಗೆ ಶಾಲೆಯಲ್ಲಿ ಕೊಡುವ ಬಿಸಿ ಹಾಲು ಅವರಿಗೆ ಎಷ್ಟು ರುಚಿಯಾಗಿತ್ತು ಅಂತ ಆ ಲೋಟ ಖಾಲಿ ಮಾಡುವ ರೀತಿ ನೋಡಿದರೇ ಗೊತ್ತಾಗುತ್ತದೆ.

ಹೋಬಳಿ ಮಟ್ಟದಲ್ಲಿ ಗೆದ್ದರು. ತಾಲ್ಲೂಕು ಮಟ್ಟಕ್ಕೆ ಹೋಗಬೇಕು. ಮೊದಲಾಗಿದ್ದರೆ ಇಲ್ಲೇ ನಮಗೆ ತೊಂದರೆ ಶುರುವಾಗುತ್ತಿತ್ತು, 12 ಜನಕ್ಕೆ ಹೋಗಿ ಬರುವ ಚಾರ್ಜು. ಈಗ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ. ಅದರ ಬಗ್ಗೆ ಯಾರು ಏನೇ ಚರ್ಚೆ ಮಾಡಲಿ, ಹಳ್ಳಿ ಹೈಸ್ಕೂಲಿನ ಹುಡುಗಿಯರ ಟೀಮುಗಳಿಗೆ ಅದು ಏನು ಮಾಡಿದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಪಿ.ಟಿ. ಸರ್ 12 ಆಧಾರ್ ಕಾರ್ಡುಗಳನ್ನೂ ಒಂದು ಜಾಮಿಟ್ರಿ ಬಾಕ್ಸಿಗೆ ಹಾಕಿ ಜೇಬಲ್ಲಿ ಇಟ್ಟುಕೊಂಡಿದ್ದರು. ಕ್ಲಿಪ್ಪಿನಲ್ಲಿ ಟಣ್ ಟಣ್ ಅಂತ ಕೇಳಿಸುತ್ತಿದೆಯಲ್ಲ, ಅದೇ ಬಾಕ್ಸು.

ಫೈನಲ್ಲಿನಲ್ಲಿ ಒಂದು ಪಾಯಿಂಟಿನಿಂದ ಸೋತೆವು. ಕೊನೆಯ ನಿಮಿಷದಲ್ಲಿ 8ನೇ ಕ್ಲಾಸಿನ ಪುಟ್ಟ ಹುಡುಗಿ ಖೋ ಕೇಳುವ ಮುಂಚೆಯೇ ಎದ್ದುಬಿಟ್ಟಳು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿಕೊಂಡು ಅಳುತ್ತಿದ್ದಳು. ಆ ಕಂಬದ ಹುಡುಗಿ ಅವಳ ಪಕ್ಕ ಹೋಗಿ ಕೂತಳು. ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ. ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಅವಳ ಬೆನ್ನು ಮುಟ್ಟಿ ಮೆಲ್ಲಗೆ "ಖೋ" ಅಂದಳು. ನಗು ಬಂದುಬಿಟ್ಟಿತು ಅವಳಿಗೆ. ಅದನ್ನು ನಾನು ಶೂಟ್ ಮಾಡಲಿಲ್ಲ. ಮಾಡಬಾರದು ಅನ್ನಿಸಿತು.

ಇದು ಆಗಸ್ಟ್ 15. ಧ್ವಜ, ಮಾರ್ಚ್ ಪಾಸ್ಟ್, ಲಾಡು. ಊರವರೆಲ್ಲ ಬಂದಿದ್ದರು. ಮುಂದೆ ಹೋಗೋಣ.

ಇದು ನಮ್ಮ ಬಿಸಿಯೂಟದ ಅಡುಗೆಮನೆ. 8ನೇ ಕ್ಲಾಸಿನ ಒಬ್ಬ ಹುಡುಗನ ಅಮ್ಮ ಇಲ್ಲಿ ಅಡುಗೆ ಮಾಡುತ್ತಾರೆ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಅಂತ ಒಂದು ಕಾರ್ಯಕ್ರಮ ಇದೆ, ಮಕ್ಕಳ ಹೊಸ ಐಡಿಯಾಗಳನ್ನು ಶಾಲೆಯಿಂದ ಕಳಿಸಬೇಕು, ಒಂದು ಶಾಲೆಯಿಂದ ಐದು. ಆಯ್ಕೆಯಾದರೆ ಮಾಡೆಲ್ ಮಾಡೋಕೆ ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ. ಕ್ಲಾಸಿನಲ್ಲಿ ಕೇಳಿದಾಗ ಮಕ್ಕಳು ರೋಬೋಟು, ಸೋಲಾರ್ ಕಾರು ಅಂತೆಲ್ಲ ಹೇಳಿದರು. ಈ ಹುಡುಗ ಮಾತಾಡಲಿಲ್ಲ. ಮಾರನೇ ದಿನ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಒಂದು ಲೆಕ್ಕ ತಂದ.

ಒಬ್ಬರಿಗೆ 150 ಗ್ರಾಂ ಅಕ್ಕಿ. 140 ಮಕ್ಕಳಿಗೆ 21 ಕೆಜಿ. ಎರಡು ಪಾತ್ರೆಯಲ್ಲಿ ಬೇಯಿಸುತ್ತಾರೆ, ಒಂದೊಂದರಲ್ಲಿ ಹತ್ತೂವರೆ ಕೆಜಿ. ಅದಕ್ಕೆ 35 ಲೀಟರ್ ನೀರು, ಲೀಟರಿಗೆ ಒಂದು ಕೆಜಿ. ಪಾತ್ರೆಯ ತೂಕ ಬಿಟ್ಟು ನಲವತ್ತೈದೂವರೆ ಕೆಜಿ. ಅದರ ಕೆಳಗೆ ಇನ್ನೊಂದು ಸಾಲು ಬರೆದಿದ್ದ: ನಮ್ಮಮ್ಮನ ತೂಕ 48.

ಗಂಜಿ ಬಸಿಯುವಾಗ ಇಬ್ಬರು ಹೆಂಗಸರು ಆ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಎತ್ತಿ ಬಗ್ಗಿಸಬೇಕು. ಕೈ ಜಾರಿದರೆ ಕುದಿಯುವ ಗಂಜಿ ಕಾಲ ಮೇಲೆ. ಅದಕ್ಕೆ ಇವನ ಐಡಿಯಾ, ತೊಟ್ಟಿಲಿನ ಥರ ತೂಗುವ ಒಂದು ಸ್ಟ್ಯಾಂಡು. ಪಾತ್ರೆ ಎತ್ತುವುದೇ ಬೇಡ, ಒಲೆಯಿಂದ ಸರಿಸಿ ಅದರಲ್ಲಿ ಕೂರಿಸಿ, ಉದ್ದದ ಹಿಡಿ ಎಳೆದರೆ ನಿಧಾನಕ್ಕೆ ಬಾಗುತ್ತದೆ. ಹಳೇ ಮಂಚದ ಪೈಪು, ಸೈಕಲ್ಲಿನ ಬೇರಿಂಗು, ಊರಿನ ವೆಲ್ಡಿಂಗ್ ಅಂಗಡಿಯವರು ದುಡ್ಡು ತೆಗೆದುಕೊಳ್ಳದೆ ಬೆಸುಗೆ ಹಾಕಿಕೊಟ್ಟರು. ಮೊದಲನೇ ಸಲ ಬರೀ ನೀರು ತುಂಬಿ ನೋಡಿದಾಗ ಪಾತ್ರೆ ಜಾರಿ ಉರುಳಿಹೋಯಿತು, ಲ್ಯಾಬೆಲ್ಲ ನೀರು. ಹಿಡಿಯ ಆಚೆ ಈಚೆ ಸರಪಳಿ ಹಾಕಿ, ಆನಿಕೆಯನ್ನು ಒಂದು ಗೇಣು ಮೇಲಕ್ಕೆ ತಂದ ಮೇಲೆ ನಿಂತಿತು. ಇಲ್ಲಿ ನೋಡಿ, ಅವನ ಅಮ್ಮ ಮೊದಲ ಸಲ ಆ ಹಿಡಿ ಎಳೆಯುತ್ತಿರುವುದು. ಒಂದೇ ಕೈಯಲ್ಲಿ! ಐಡಿಯಾ ಕಳಿಸಿದ್ದೇವೆ. ಆಯ್ಕೆ ಆಗುತ್ತೋ ಇಲ್ಲವೋ, ನಾನಂತೂ ಹದಿನೈದು ವರ್ಷ ಆ ಅಡುಗೆಮನೆ ಮುಂದೆ ಓಡಾಡಿದವಳು, ಆ ಪಾತ್ರೆ ಎಷ್ಟು ತೂಕ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಸೆಪ್ಟೆಂಬರ್. ಪ್ರತಿಭಾ ಕಾರಂಜಿ. ಕ್ಲಸ್ಟರ್ ಮಟ್ಟದಲ್ಲಿ ನಮ್ಮ ಮಕ್ಕಳಿಗೆ ಭಾವಗೀತೆಯಲ್ಲಿ, ರಂಗೋಲಿಯಲ್ಲಿ, ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಬಂತು. ಜಾನಪದ ನೃತ್ಯಕ್ಕೆ ಹುಡುಗರು ಬೀಸು ಕಂಸಾಳೆ ಮಾಡಿದರು. ಕಲಿಸಿದವರು ಬಸ್ ಮಂತ್ರಿಯ ತಾತ, ಮಲೆ ಮಾದಪ್ಪನ ಗುಡ್ಡರು, ಅಂದರೆ ದೀಕ್ಷೆ ಪಡೆದ ಭಕ್ತರು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಇನ್ನೊಂದು, ಅದನ್ನು ಬೀಸಿ ಬೀಸಿ ಹೊಡೆಯಬೇಕು. ತಾತ ಬಂದ ಮೊದಲ ದಿನ ಚಪ್ಪಲಿ ಬಿಡಿಸಿ, ಮಾದಪ್ಪನಿಗೆ ಕೈ ಮುಗಿಸಿಯೇ ತಾಳ ಕೈಗೆ ಕೊಟ್ಟರು. ಹುಡುಗರು ಜೋರಾಗಿ ಬಡಿದರೆ, "ಕೈಲಿ ಬಡೀಬೇಡ ಕಣಪ್ಪಾ, ಮೈಲಿ ಬಡಿ" ಅನ್ನುತ್ತಿದ್ದರು. ಮೂರನೇ ವಾರಕ್ಕೆ ಆ ಮಾತು ಅರ್ಥವಾಯಿತು ಅವರಿಗೆ. ಕೇಳಿ ಈ ಶಬ್ದ. ನಾನು ಹತ್ತು ಸೆಕೆಂಡು ಮಾತಾಡುವುದಿಲ್ಲ.

ಆಮೇಲೆ ಅರ್ಧವಾರ್ಷಿಕ ಪರೀಕ್ಷೆ. 8ನೇ ಕ್ಲಾಸಿನವರು ಎನ್‌ಎಂಎಂಎಸ್ ಅನ್ನುವ ಸ್ಕಾಲರ್‌ಶಿಪ್ ಪರೀಕ್ಷೆಗೂ ಓದುತ್ತಿದ್ದಾರೆ. ಪಾಸಾಗಿ ಪಟ್ಟಿಯಲ್ಲಿ ಬಂದರೆ 9ರಿಂದ 12ನೇ ಕ್ಲಾಸಿನವರೆಗೆ ವರ್ಷಕ್ಕೆ 12,000 ರೂಪಾಯಿ ಸ್ಕಾಲರ್‌ಶಿಪ್ಪು, ಹೋದ ವರ್ಷ ನಮ್ಮಲ್ಲಿ ಇಬ್ಬರಿಗೆ ಬಂದಿದೆ.

ರಜೆ ಬಂತು. ನಾವು ಟೀಚರ್‌ಗಳು ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಸುತ್ತಿದೆವು. ನನಗೆ ಬಿದ್ದ ಏರಿಯಾದಲ್ಲಿ ಆ ಕಂಬದ ಹುಡುಗಿಯ ಊರೂ ಇತ್ತು. ಬಸ್ಸಿಳಿದು ಗದ್ದೆ ಬದುವಿನ ಮೇಲೆ ನಡೆದೆ, ನಡೆದೆ, ಮನೆ ಬರುವುದೇ ಇಲ್ಲ. ಅರ್ಧ ಗಂಟೆ ನಡಿಗೆ. ಅಂದರೆ ಏಳೂವರೆಗೆ ಶಾಲೆ ಮುಂದೆ ಇಳಿಯಲು ಈ ಹುಡುಗಿ ಮನೆ ಬಿಡುತ್ತಿದ್ದುದು ಆರೂವರೆಗೂ ಮುಂಚೆ. ನಾಲ್ಕು ತಿಂಗಳಲ್ಲಿ ಒಂದು ಸಲವೂ ಹೇಳಿರಲಿಲ್ಲ.

ಅವರಮ್ಮ ನೀರು ಕೊಟ್ಟರು, ಕೂರಿಸಿದರು. ಹೊರಗೋಡೆಯಲ್ಲಿ ಕರೆಂಟ್ ಮೀಟರಿನ ಪಕ್ಕ ಸಮೀಕ್ಷೆಯ ಸ್ಟಿಕ್ಕರ್, ಅದರ ಪಕ್ಕ ಪ್ಲಾಸ್ಟಿಕ್ ಕವರಿನಲ್ಲಿ ತಾಲ್ಲೂಕು ಮಟ್ಟದ ದ್ವಿತೀಯ ಸ್ಥಾನದ ಸರ್ಟಿಫಿಕೇಟು. 60 ಪ್ರಶ್ನೆ ಮುಗಿಸಿ ಎದ್ದಾಗ ಕೊಟ್ಟಿಗೆ ಮುಂದೆ ಇದು ಕಂಡಿತು, ಅವರನ್ನು ಕೇಳಿಯೇ ಶೂಟ್ ಮಾಡಿದೆ. ನೆಲಕ್ಕೆ ಹೂತ ಒಂದು ನೀಲಗಿರಿ ಕಂಬ. ಸೊಂಟದೆತ್ತರಕ್ಕೆ ಒಂದು ಗೇಣಷ್ಟು ಜಾಗ ಕೈಯಾಡಿ ಆಡಿ ನುಣುಪಾಗಿ ಹೊಳೆಯುತ್ತಿದೆ. ಅದರಿಂದ ಎಂಟು ಹೆಜ್ಜೆ ಆಚೆ, ಆ ಕಡೆ ಮುಖ ಮಾಡಿಕೊಂಡು, ಎರಡೂ ಕೈ ನೆಲಕ್ಕೂರಿ ಕೂತಿದ್ದಾಳಲ್ಲ, ಅವಳ ತಂಗಿ. ಐದನೇ ಕ್ಲಾಸು. ಅಕ್ಕ ಬಂದು ಖೋ ಕೊಡಲಿ ಅಂತ ಕಾಯುತ್ತಿದ್ದಾಳೆ.