ಮೆಟ್ಟಿಲ ಮೇಲೆ ತಲೆಗೆಷ್ಟು ಜಾಗ?

ಕೇಳುಗರೇ, ನಮಸ್ಕಾರ.

ತುಮಕೂರಿನ ಕ್ಯಾತಸಂದ್ರದಲ್ಲಿ ನಮ್ಮ ಮನೆ. 20ಕ್ಕೆ 30ರ ಸೈಟು. ಮೆಟ್ಟಿಲು ಒಳಗೇ ಬೇಕು, ಮಹಡಿಯ ಕೋಣೆಯೂ ದೊಡ್ಡದಾಗಬೇಕು ಅಂತ ಮೆಟ್ಟಿಲ ಮೇಲೆ ಸ್ಲ್ಯಾಬಿನಲ್ಲಿ ಬಿಡುವ ತೆರಪಿನ ಉದ್ದವನ್ನು 10 ಇಂಚು ಕಡಿಮೆ ಮಾಡಿದೆವು. ಅದರ ಅಂಚಿಗೇ ಬೀಮ್ ಬಂತು. ಅವತ್ತಿನಿಂದ ಇಳಿಯುವಾಗೆಲ್ಲ ಅಪ್ಪನ ಹಣೆ ಅದಕ್ಕೆ ಬಡಿಯುತ್ತದೆ. ಗ್ಯಾಸ್ ಸಿಲಿಂಡರ್ ಹೆಗಲಿಗೇರಿಸಿದ ಹುಡುಗ ಅಲ್ಲಿ ಬಗ್ಗಿ ಹತ್ತುವುದನ್ನು ನೋಡಿದರೆ ಸಂಕಟವಾಗುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 10 ಅಡಿ, ಅಂದರೆ 120 ಇಂಚು ಅಂದುಕೊಳ್ಳಿ. ಒಂದು ಮೆಟ್ಟಿಲು 7 ಇಂಚು ಚಿಲ್ಲರೆ ಎತ್ತರವಾದರೆ 17 ಸಲ ಕಾಲೆತ್ತಬೇಕು. ಕಾಲಿಡುವ ಜಾಗ 10 ಇಂಚು. ಕೊನೆಯ ಹೆಜ್ಜೆ ಮಹಡಿಯ ನೆಲಕ್ಕೇ ಬೀಳುವುದರಿಂದ ಅಂಥವು 16. ನೇರ ಮೆಟ್ಟಿಲಿಗೆ 13 ಅಡಿ 4 ಇಂಚು ಉದ್ದ ಬೇಕು. ಇಷ್ಟನ್ನು ಮೇಸ್ತ್ರಿ ಹೇಳುತ್ತಾರೆ. ತಲೆಯ ಲೆಕ್ಕವನ್ನು ನಾವೇ ಕೇಳಬೇಕು.

ಆ 120 ಇಂಚಿನಲ್ಲಿ ಸ್ಲ್ಯಾಬ್ 5 ಇಂಚು ತಿನ್ನುತ್ತದೆ. ಮೇಲಿನ ಟೈಲ್ಸು, ಅದರ ಗಾರೆ, ಕೆಳಗಿನ ಪ್ಲಾಸ್ಟರಿಂಗ್ ಸೇರಿ ಇನ್ನೂ ಎರಡೂವರೆ ಇಂಚು. ನಾಲ್ಕನೇ ಮೆಟ್ಟಿಲ ಮೇಲೆ ನಿಂತವರು ನೆಲದಿಂದ 28 ಇಂಚು ಮೇಲಿರುತ್ತಾರೆ. ಅವರಿಗೆ ಸುಮಾರು 7 ಅಡಿ ಉಳಿಯಿತು, ಅಲ್ವಾ? ಐದನೆಯದರ ಮೇಲೆ ಆರೂವರೆ ಅಡಿಯೂ ಇಲ್ಲ. ಅಲ್ಲಿ 9 ಇಂಚಿನ ಬೀಮ್ ಇಳಿದರೆ 5 ಅಡಿ 8 ಇಂಚು. ನಮ್ಮಪ್ಪನ ಎತ್ತರವೂ ಅಷ್ಟೇ.

ಹಾಗಾಗಿ ಐದನೇ ಮೆಟ್ಟಿಲು ಶುರುವಾಗುವಲ್ಲೇ ಸ್ಲ್ಯಾಬ್ ನಿಲ್ಲಬೇಕು. ಐದರಿಂದ ಹದಿನಾರರವರೆಗಿನ 12 ಮೆಟ್ಟಿಲಿಗೆ ತೆರಪು ಪೂರ್ತಿ 10 ಅಡಿ. ಸಣ್ಣ ಸೈಟಿನವರಿಗೆ ಅಷ್ಟು ಬಿಡಲು ಮನಸ್ಸು ಬಾರದು, ನನಗೆ ಗೊತ್ತು. ಆದರೆ ಜಾಗ ಉಳಿಸಲು ಮೆಟ್ಟಿಲನ್ನು ಕಡಿದಾಗಿ ಮಾಡಬೇಡಿ. ಮಂಡಿನೋವಿನ ಹಿರಿಯರು ಮಹಡಿ ಹತ್ತುವುದನ್ನೇ ಬಿಟ್ಟುಬಿಡುತ್ತಾರೆ. ಅರ್ಧಕ್ಕೆ ಲ್ಯಾಂಡಿಂಗ್, ಅಂದರೆ ನಿಲ್ಲುವಷ್ಟು ಸಮತಟ್ಟು ಜಾಗ ಕೊಟ್ಟು ತಿರುಗಿಸುವವರೂ ಇದ್ದಾರೆ. ಒಳ್ಳೆಯದೇ. ಅದರ ಕೆಳಗೆ ಬಚ್ಚಲು ಮಾತ್ರ ಬೇಡ, ಅಲ್ಲಿ 5 ಅಡಿ ಎತ್ತರವೂ ಸಿಗುವುದಿಲ್ಲ.

ಶಿರಾದಲ್ಲಿ ಅಕ್ಕನ ಮನೆ ಕಟ್ಟುವಾಗ ಬೀಮನ್ನು ಸ್ಲ್ಯಾಬಿನ ಮೇಲಕ್ಕೆ ತಿರುಗಿಸಿ, ಮಹಡಿಯ ಗೋಡೆಯೊಳಗೆ ಸೇರಿಸಲು ಎಂಜಿನಿಯರ್ ಹತ್ತಿರ ಬರೆಸಿಕೊಂಡೆವು. ಸೆಂಟ್ರಿಂಗ್, ಅಂದರೆ ಕಾಂಕ್ರೀಟಿಗೆ ಆಸರೆಯ ಹಲಗೆ ಕಟ್ಟುವ ಮುಂಚೆ, ಸ್ಲ್ಯಾಬಿನ ತಳ ಬರುವ ಮಟ್ಟಕ್ಕೆ ದಾರ ಕಟ್ಟಿದೆವು. ನಾಲ್ಕನೇ ಮೆಟ್ಟಿಲ ಜಾಗದಲ್ಲಿ 28 ಇಂಚಿನ ಸ್ಟೂಲ್ ಇಟ್ಟು ಅಪ್ಪನನ್ನು ಹತ್ತಿಸಿದೆವು. ಅವರು ಕೈ ಮೇಲೆತ್ತಿದರು. ಬೆರಳ ತುದಿ ದಾರಕ್ಕೆ ತಾಗಿತು.