ಮೊದಲು ಮಗುವನ್ನ ಕೇಳಿ!

ನಮಸ್ಕಾರ. ಮಾಂಟೆಸರಿ ಅಂದ್ರೆ ಮಕ್ಕಳೇ ಸಾಮಗ್ರಿ ಆರಿಸ್ಕೊಂಡು ಕೈಯಾರೆ ಮಾಡಿ ಕಲಿಯೋ ಪದ್ಧತಿ. ಅದು ಹೇಗಿದೆ ಅಂತ ಮಗುವನ್ನೇ ಕೇಳಿ ಅನ್ನೋ ಮಾತಿಗೆ, ಹಿಂದಿನ ವಿಡಿಯೋಗೆ ಒಂದು ಕಾಮೆಂಟ್ ಬಂದಿದೆ: "ನಾಲ್ಕು ವರ್ಷದ ಮಗೂಗೆ ಕಲಿಕೆ ಬಗ್ಗೆ ಏನ್ರೀ ಗೊತ್ತು? ಅದನ್ನ ಹೋಗಿ ಕೇಳ್ಬೇಕಾ?"

ಹೌದು ರೀ, ಕೇಳ್ಬೇಕು. ಅದನ್ನೇ ಕೇಳ್ಬೇಕು.

ಮಾಂಟೆಸರಿ ಒಳ್ಳೇದಾ, ಕೆಟ್ಟದ್ದಾ ಅಂತ ಅಪ್ಪ ಅಮ್ಮ ಮಾತಾಡ್ತಾರೆ, ಟೀಚರ್ ಮಾತಾಡ್ತಾರೆ, ನಾನೂ ಮಾತಾಡ್ತೀನಿ. ದಿನಾ ಅಲ್ಲಿ ಚಾಪೆ ಹಾಸ್ಕೊಂಡು ಕೂತು ಕಲಿಯೋ ಮಗುವನ್ನ ಮಾತ್ರ ಯಾರೂ ಕೇಳಲ್ಲ.

ಆದ್ರೆ ಈ ಪದ್ಧತಿ ಬೆಳೆದಿದ್ದೇ ಮಕ್ಕಳನ್ನ ಗಮನಿಸಿ! 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಅನ್ನೋ ಬಡವರ ಬಡಾವಣೆಯಲ್ಲಿ ಡಾಕ್ಟರ್ ಮರಿಯಾ ಮಾಂಟೆಸರಿ ಮೊದಲ 'ಮಕ್ಕಳ ಮನೆ' ಶುರು ಮಾಡಿದ್ರು. ಅಲ್ಲೊಂದು ಪುಟ್ಟ ಹುಡುಗಿ ಮರದ ಸಿಲಿಂಡರ್‌ಗಳನ್ನ ಅವುಗಳ ಅಳತೆಯ ತೂತುಗಳಲ್ಲಿ ಕೂರಿಸೋದು, ತೆಗೆಯೋದು, ಮತ್ತೆ ಕೂರಿಸೋದು. ನಲವತ್ತಕ್ಕೂ ಹೆಚ್ಚು ಸಲ! ಅವಳ ಗಮನ ಕದಲುತ್ತಾ ನೋಡೋಣ ಅಂತ ಮಾಂಟೆಸರಿ ಸುತ್ತ ಉಳಿದ ಮಕ್ಕಳ ಕೈಲಿ ಹಾಡಿಸಿದ್ರು. ಅವಳನ್ನ ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ರು. ತಲೆ ಎತ್ತಿ ನೋಡ್ಲಿಲ್ಲ. "ನಂಗೆ ಇದು ಬೇಕು" ಅಂತ ಅವಳು ಇನ್ನೆಷ್ಟು ಗಟ್ಟಿಯಾಗಿ ಹೇಳ್ಬೇಕಿತ್ತು?

ಬಾಯಿಬಿಟ್ಟು ಹೇಳೋಕೂ ಮಕ್ಕಳಿಗೆ ಬರುತ್ತೆ. ನಾವು ಕೇಳೋ ಪ್ರಶ್ನೆ ಸರಿಯಿಲ್ಲ, ಅಷ್ಟೇ. "ಇವತ್ತು ಏನು ಕಲಿತೆ?" ಅಂದ್ರೆ "ಏನಿಲ್ಲ" ಅನ್ನುತ್ತೆ. "ಯಾವುದನ್ನ ಎತ್ಕೊಂಡೆ? ಯಾವುದಕ್ಕೆ ಕಾಯ್ಬೇಕಾಯ್ತು? ಯಾರು ತೋರಿಸಿಕೊಟ್ರು?" ಅಂತ ಕೇಳಿ ನೋಡಿ. ಮಾಂಟೆಸರಿ ತರಗತಿಯಲ್ಲಿ ಸಾಮಾನ್ಯವಾಗಿ ಒಂದೊಂದು ಸಾಮಗ್ರಿಗೂ ಒಂದೇ ಸೆಟ್. ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿ. ಕಾದಿದ್ದು, ದೊಡ್ಡ ಮಕ್ಕಳು ಕಲಿಸಿದ್ದು, ಗೋಪುರ ಬಿದ್ದಿದ್ದು, ಎಲ್ಲಾ ಹೊರಗೆ ಬರುತ್ತೆ.

ಹಾ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಈಗ್ಲೇ ಮಾಡಿ. ಈ ವಿಷಯ ನಾನು ಬಿಡೋದಿಲ್ಲ.

ಇನ್ನು ಮಾಂಟೆಸರಿ ಅಭಿಮಾನಿಗಳೇ, ನಿಮಗೂ ಹೇಳ್ತೀನಿ. ಹತ್ತು ಘನಗಳ ಆ ಗುಲಾಬಿ ಗೋಪುರ ಇದೆಯಲ್ಲ, ಹತ್ತು ಸೆಂಟಿಮೀಟರ್‌ನಿಂದ ಒಂದಕ್ಕೆ ಇಳಿಯೋದು, ಅದರಲ್ಲಿ "ನಂಗೆ ರೈಲು ಮಾಡ್ಬೇಕು, ಟೀಚರ್ ಬಿಡಲ್ಲ" ಅಂತ ಮಗು ಅಂದ್ರೆ? ಅದೂ ಅಭಿಪ್ರಾಯವೇ. ಹೊಗಳಿಕೆ ಬಂದಾಗ ಮಗು ಜಾಣ, ದೂರು ಬಂದಾಗ "ಅದಕ್ಕೇನು ತಿಳಿಯುತ್ತೆ" ಅನ್ನೋದು ನ್ಯಾಯ ಅಲ್ಲ. ಕೇಳಿ!

"ಕೇಳಿದ್ರೆ ಬರೀ ಆಟ ಬೇಕು ಅನ್ನುತ್ತೆ" ಅಂತೀರಾ? ಅನ್ನಲಿ! ಯಾವ ಆಟ ಅಂತ ಇನ್ನೊಂದು ಪ್ರಶ್ನೆ ಕೇಳಿ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ, 12ನೇ ವಿಧಿ: ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳೋದು ಮಗುವಿನ ಹಕ್ಕು. ಇಷ್ಟು ವರ್ಷ ಆಗಿರಲೇಬೇಕು ಅಂತ ಅಲ್ಲಿ ಬರೆದಿಲ್ಲ.

ಶಾಲೆಗೆ ಹೋಗೋದು ಮಗು. ಕಲಿಯೋದು ಮಗು. ಇನ್ಯಾರನ್ನ ಕೇಳ್ತೀರಿ? ಇವತ್ತೇ ಕೇಳಿ, ಅದು ಹೇಳಿದ್ದನ್ನ ಒಂದಕ್ಷರ ತಿದ್ದದೆ ಕೆಳಗೆ ಬರೀರಿ. ಮುಂದಿನ ವಿಡಿಯೋದಲ್ಲಿ ಓದ್ತೀನಿ.